ಹಾಡಿನ ಮೊದಲನ್ನು ಕೇಳದ ಊರು

ನಮ್ಮೂರಲ್ಲಿ ಹಿಂದೆಲ್ಲ ಮನೆ ಕಟ್ಟುವಾಗ ಮೂಡಲ ಗೋಡೆಯಲ್ಲಿ, ಸೂರಿನ ಕೆಳಗೆ, ಕೈ ತೂರುವಷ್ಟು ಒಂದು ಕಂಡಿ ಬಿಡುತ್ತಿದ್ದರು. ಬಾಗಿಲಿಗೆ ಯಾವ ಮರ, ಒಲೆ ಯಾವ ಮೂಲೆಗೆ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ಕಂಡಿ. ಅದರಲ್ಲಿ ಗೋಡೆಹಕ್ಕಿ ಬಂದು ಕೂತ ಮೇಲೇ ಮನೆ ಮನೆಯಾಯಿತು ಅಂತ. ನೋಡಲು ಏನೂ ಇಲ್ಲದ ಹಕ್ಕಿ ಅದು. ಒದ್ದೆ ಇಟ್ಟಿಗೆಯ ಬಣ್ಣ, ಮುಷ್ಟಿಯಷ್ಟು ಮೈ, ಮೋಟು ಬಾಲ. ಬೆಳಗಿನ ಜಾವ ಗಂಡುಹಕ್ಕಿ ಕಂಡಿಯಿಂದ ಕತ್ತು ಹೊರಗೆ ಹಾಕಿ ಹಾಡುತ್ತಿತ್ತು, ನಾವು ಏಳುತ್ತಿದ್ದೆವು. ಅದು ಹಾಡದೆ ನಮ್ಮೂರವರು ಏಳುವುದಿಲ್ಲ. ನೀರು ಎರಚಿದರೂ ಇಲ್ಲ, ಕಿವಿ ಹಿಂಡಿದರೂ ಇಲ್ಲ, ತಲೆಯ ಹತ್ತಿರ ತಮಟೆ ಬಡಿದರೂ ಇಲ್ಲ.

ಹಾಗಂತ ನಾವೇನೂ ಕಷ್ಟಪಡುತ್ತಿರಲಿಲ್ಲ. ಮೊದಲ ಬಸ್ಸು ಹಕ್ಕಿ ಹಾಡಿ, ಡ್ರೈವರ್ ಮುಖ ತೊಳೆದು, ಚಾ ಕುಡಿದ ಮೇಲೆ ಹೊರಡುತ್ತಿತ್ತು. ಮೋಡ ಕವಿದ ದಿನ ಹಕ್ಕಿ ತಡವಾಗಿ ಹಾಡಿದರೆ ಶಾಲೆಯೂ ತಡ, ಹಾಲೂ ತಡ, ಬೈಸಿಕೊಳ್ಳುವುದೂ ಇಲ್ಲ. ಒಂದೇ ತೊಂದರೆ, ನಮ್ಮೂರಲ್ಲಿ ಹುಟ್ಟಿದವರು ಬೇರೆ ಊರಲ್ಲಿ ರಾತ್ರಿ ಕಳೆಯುವ ಹಾಗಿರಲಿಲ್ಲ. ನಿದ್ದೆ ಹತ್ತಿತೋ, ಯಾರಾದರೂ ಹೊತ್ತು ತಂದು ಹಕ್ಕಿ ಕೇಳಿಸುವ ಕಡೆ ಮಲಗಿಸುವವರೆಗೆ ಅಷ್ಟೇ. ನನ್ನ ಗಂಡ ಈರುಳ್ಳಿ ಲಾರಿಯಲ್ಲಿ ಹೋದವನು, "ಚಾ ಕುಡ್ಕೊಂಡು ಎದ್ದೇ ಇರ್ತೀನಿ ಕಣೇ, ಹೆದರಬ್ಯಾಡ" ಅಂತ ಹೇಳಿಯೇ ಹೋಗಿದ್ದ. ಲಾರಿ ವಾಪಸು ಬಂತು. ಅವನು ದಾರಿಯಲ್ಲಿ ಎಲ್ಲಿ ಇಳಿದ, ಯಾವ ಮರದ ಬುಡದಲ್ಲಿ ಒರಗಿದ, ಯಾರಿಗೂ ಗೊತ್ತಿಲ್ಲ. ಸತ್ತಿಲ್ಲ, ಅದು ಗೊತ್ತು. ಮಲಗಿದವರಿಗೆ ಹಸಿವಿಲ್ಲ, ರೋಗವಿಲ್ಲ. ಉಗುರು ಕೂದಲು ಬೆಳೆಯುತ್ತವೆ, ಮಲಗಿದವರು ಚಿಕ್ಕವರಾದರೆ ಮೈಯೂ ಬೆಳೆಯುತ್ತದೆ. ಎಲ್ಲೋ ಮಲಗಿದಾನೆ ಬಿಡು, ಅನ್ನುತ್ತಾರೆ ಜನ. ಅಷ್ಟು ಹೇಳಿ ಅವರು ಹೋಗುತ್ತಾರೆ. ನಾನು ಸೊಸೈಟಿಯಿಂದ ಅಕ್ಕಿ ತರುತ್ತೇನೆ.

ಹಕ್ಕಿ ಯಾವಾಗ ಕಡಿಮೆಯಾದವು ಅಂತ ಯಾರೂ ಕಾಣಲಿಲ್ಲ. ಹೊಸ ಮನೆಗಳಿಗೆ ನುಣ್ಣಗೆ ಸಿಮೆಂಟು ಬಳಿದರು, ಕಂಡಿಯಿಂದ ಸೊಳ್ಳೆ ಬರುತ್ತದೆ ಅಂತ ಮುಚ್ಚಿದರು. ಪಕ್ಕದ ಮನೆಯ ಹಕ್ಕಿ ಇದ್ದೇ ಇದೆಯಲ್ಲ, ಅದರ ಕೂಗು ಗೋಡೆ ದಾಟಿ ಬರುತ್ತದಲ್ಲ, ಅಂತ. ಪಕ್ಕದ ಮನೆಯವರೂ ಹಾಗೇ ಅಂದುಕೊಂಡರು. ಹೊಲಕ್ಕೆ ಹೊಡೆದ ಔಷಧಿಗೆ ಹುಳ ಸತ್ತವು, ಹುಳ ಇಲ್ಲದೆ ಮರಿ ಸತ್ತವು. ಒಂದು ದಿನ ಕುಂಬಾರ ಓಣಿಗೆ ಓಣಿಯೇ ಏಳಲಿಲ್ಲ. ಮಧ್ಯಾಹ್ನ ನಾವು ಚಾಪೆ ಸಮೇತ ಅವರನ್ನು ಎತ್ತಿಕೊಂಡು ಬಂದು ಈಚೆ ಬೀದಿಯಲ್ಲಿ ಸಾಲಾಗಿ ಮಲಗಿಸಿದೆವು. ಮಾರನೆಯ ಬೆಳಿಗ್ಗೆ ಎದ್ದವರೇ ನಿನ್ನೆಯ ಹಾಲು ಯಾಕೆ ಒಡೆದಿದೆ ಅಂತ ನಮ್ಮನ್ನೇ ಜಗಳಕ್ಕೆ ಎಳೆದರು.

ಆಮೇಲೆ ಅದೇ ಬದುಕಾಯಿತು. ಸಂಜೆಯಾದರೆ ಚಾಪೆ ಸುತ್ತಿಕೊಂಡು, ಮಕ್ಕಳ ಕೈ ಹಿಡಿದು, ಹಕ್ಕಿ ಇರುವ ಮನೆಯ ಜಗಲಿಗೆ. ಹೆಣ್ಣು ನೋಡಲು ಬಂದವರು "ನಿಮ್ಮ ಗೋಡೇಲಿ ಹಕ್ಕಿ ಇದೆಯಾ?" ಅಂತ ಮೊದಲು ಕೇಳುತ್ತಿದ್ದರು. ನಮ್ಮ ಪಕ್ಕದ ಮನೆಯ ತಿಪ್ಪಕ್ಕ, ಹಾಲು ಹಾಕುವವಳು, "ನನ್ನ ಕಾಲದಾಗೆ ಹುಡುಗಿಗೆ ಹಲ್ಲು ನೋಡ್ತಿದ್ರು, ಈಗ ಗೋಡೆ ನೋಡ್ತಾರೆ. ಮದುವೆ ಆಗೋದು ಹುಡುಗೀನೋ ಇಟ್ಟಿಗೇನೋ" ಅಂತ ನಗುತ್ತಿದ್ದಳು. ಕೊನೆಗೆ ಊರಿಗೆಲ್ಲ ಉಳಿದದ್ದು ಒಂದೇ ಗಂಡು, ಪೋಸ್ಟಾಫೀಸಿನ ಹಳೆಯ ಗೋಡೆಯಲ್ಲಿ. ಅದಕ್ಕೆ ಅಜ್ಜ ಅಂತ ಹೆಸರಿಟ್ಟೆವು. ಪೋಸ್ಟಾಫೀಸಿನ ಅಂಗಳ, ಮುಂದಿನ ಬೀದಿ, ಸಂತೆಕಟ್ಟೆ, ಎಲ್ಲ ಕಡೆ ಊರೇ ಮಲಗತೊಡಗಿತು. ಬೆಕ್ಕು ಬಂದು ಅಜ್ಜನನ್ನು ಹಿಡಿಯಬಾರದಲ್ಲ, ಅದಕ್ಕೆ ಇಬ್ಬಿಬ್ಬರು ಎಚ್ಚರ ಇರುವ ಪಾಳಿ. ಪಾಳಿಯವರು ಹಗಲು ಮಲಗಿ ಮಾರನೆಯ ಬೆಳಿಗ್ಗೆ ಏಳುವುದು.

ನನ್ನ ಮಗಳು ಸಿಂಚು ಮಲಗುವ ಮೊದಲು ದಿನಾ ಒಂದು ಮಾತು ಹೇಳುತ್ತಿದ್ದಳು. ಹೊದಿಕೆ ಗದ್ದದವರೆಗೆ ಎಳೆದುಕೊಂಡು, "ನಾಳೆ ಬೇಗ ಎಬ್ಬಿಸವ್ವಾ" ಅನ್ನುತ್ತಿದ್ದಳು. ಎಬ್ಬಿಸವ್ವಾ ಅನ್ನುವಲ್ಲಿ ದನಿ ಮೇಲೆ ಹೋಗಿ, ನಿದ್ದೆಯ ಭಾರಕ್ಕೆ ಅರ್ಧದಲ್ಲೇ ಕೆಳಗೆ ಜಾರುತ್ತಿತ್ತು. ಅವಳಿಗೆ ಹಾಡಿನ ಮೊದಲು ಕೇಳಬೇಕಿತ್ತು. ನಮ್ಮೂರಲ್ಲಿ ಯಾರಿಗೂ ಅದರ ಮೊದಲು ಗೊತ್ತಿಲ್ಲ. ಹಾಡು ಅರ್ಧ ಮುಗಿಯುವ ಹೊತ್ತಿಗೆ ನಮಗೆ ಎಚ್ಚರ, ಕಿವಿಗೆ ಬೀಳುವುದು ಬಾಲವಷ್ಟೇ. ಪಾಳಿಯಲ್ಲಿ ಇದ್ದವರು ಕೇಳಿದ್ದೇವೆ, ಆದರೆ ಹೇಳಲು ಬರುವುದಿಲ್ಲ. ನಾನು ಒಮ್ಮೆ ಸಿಳ್ಳೆ ಹಾಕಲು ಹೋಗಿ ನಾಯಿ ಬಂತು. "ನೀನು ದೊಡ್ಡೋಳಾದ ಮೇಲೆ ನನ್ ಜತೆ ಪಾಳಿಗೆ ಕೂತ್ಕೊಳ್ಳುವಂತೆ, ಆಗ ಕೇಳು" ಅಂದಿದ್ದೆ. ಅಲ್ಲಿಯವರೆಗೆ ಕಾಯುವ ಮಗುವೇ ಅಲ್ಲ ಅದು. ದಿನಾ ಕೇಳುತ್ತಿದ್ದಳು. ದಿನಾ ನಾನು ಹೂಂ ಅನ್ನುತ್ತಿದ್ದೆ.

ಇಂದುಮತಿ ಮೇಡಂ ಹೊರಗಿನಿಂದ ಬಂದವರು, ಹಕ್ಕಿಗಳ ವಿಷಯ ಓದಿದವರು. ಅವರು ಬಂದ ಹೊಸದರಲ್ಲಿ ಜನ ಅವರು ಏಳುವುದನ್ನು ನೋಡಲೆಂದೇ ಹೋಗುತ್ತಿದ್ದರು. "ತಾವೇ ಕಣ್ಣು ಬಿಟ್ರಂತೆ ಕಣ್ರೀ, ಯಾರೂ ಕರೀದೇನೇ!" ಅಂತ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಕೆರೆಯ ಹತ್ತಿರದ ಹಳೇ ಗೋದಾಮಿನಲ್ಲಿ ಮೇಡಂ ಮರಿಮನೆ ಮಾಡಿದರು. ಬಿದ್ದ ಗೋಡೆಗಳಲ್ಲಿ ಸಿಕ್ಕ ಮೊಟ್ಟೆಗಳನ್ನು ತಂದು ಕಾವು ಕೊಟ್ಟು ಮರಿ ಮಾಡಿಸಿದರು. ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ನಾನು ಅಲ್ಲಿಗೆ ಮರಿಗಳಿಗೆ ತಿನ್ನಿಸಲು ಹೋಗುತ್ತಿದ್ದೆ. ಕೈಗೆ ತಾಯಿಹಕ್ಕಿಯ ತಲೆಯ ಹಾಗೆ ಹೊಲಿದ ಬಟ್ಟೆಗವಸು, ಅದರ ಕೊಕ್ಕಿನಲ್ಲಿ ಹುಳ. ಮಾತಾಡುವಂತಿಲ್ಲ, ಬಳೆ ಹಾಕುವಂತಿಲ್ಲ. ಮರಿಗಳು ಮನುಷ್ಯರನ್ನು ತಾಯಿ ಅಂದುಕೊಳ್ಳಬಾರದು. ಮನೆಗೆ ಬಂದ ಮೇಲೂ ಎಷ್ಟೋ ಹೊತ್ತು ನನಗೆ ಬಾಯಿ ಬರುತ್ತಿರಲಿಲ್ಲ. "ಅವ್ವ, ಇನ್ನೂ ಹಕ್ಕಿಯಾಗೇ ಇದೀಯಾ?" ಅನ್ನುತ್ತಿದ್ದಳು ಸಿಂಚು.

ಹೆಣ್ಣುಮರಿಗಳು ಚೆನ್ನಾಗಿಯೇ ಬೆಳೆದವು. ಮೂರು ಗಂಡುಮರಿಗಳಿಗೆ ಮಾತ್ರ ಹಾಡು ಕಲಿಸುವವರು ಬೇಕಿತ್ತು. ಗೋಡೆಹಕ್ಕಿ ಹಾಡು ಕಲಿತುಕೊಂಡು ಹುಟ್ಟುವುದಿಲ್ಲವಂತೆ. ಅಪ್ಪ ಹಾಡಿದ್ದನ್ನು, ಪಕ್ಕದ ಗೋಡೆಯ ದೊಡ್ಡಪ್ಪ ಹಾಡಿದ್ದನ್ನು ಒಂದು ಮಳೆಗಾಲವಿಡೀ ಕೇಳಿ ಕೇಳಿ ಕಲಿಯಬೇಕು. ಮೇಡಂ ಅಜ್ಜನ ಹಾಡನ್ನು ಪೆಟ್ಟಿಗೆಯಲ್ಲಿ ಹಿಡಿದಿಟ್ಟಿದ್ದರು. ಆ ಪೆಟ್ಟಿಗೆಯ ದನಿಗೆ ಮರಿಗಳೂ ಕತ್ತೆತ್ತಲಿಲ್ಲ, ನಾವೂ ಏಳಲಿಲ್ಲ.

ಪೋಸ್ಟಾಫೀಸಿನ ಅಂಗಳದಲ್ಲಿ ಊರು ಸೇರಿತು. ಮೇಡಂ ಎದ್ದು ನಿಂತು ಹೇಳಿದರು. "ಈ ಒಂದು ಮಳೆಗಾಲ ಅಜ್ಜನ್ನ ನನಗೆ ಕೊಡಿ. ಮರಿಗಳು ಕಲಿಯೋದು ಈ ಒಂದು ಕಾಲದಲ್ಲೇ. ಆಮೇಲೆ ಗಂಟಲು ಕೂತುಬಿಡುತ್ತೆ, ಎಷ್ಟು ಕೇಳಿಸಿದ್ರೂ ಹತ್ತಲ್ಲ."

"ಕೊಡಾಣ ಮೇಡಂ," ಅಂದರು ಪೋಸ್ಟ್‌ಮಾಸ್ತರ ಕರಿಬಸಪ್ಪನವರು. "ನಾಳೆ ಬೆಳಿಗ್ಗೆ ನಮ್ಮನ್ನ ಎಬ್ಬಿಸೋರು ಯಾರು? ತಾವು ಹಾಡ್ತೀರಾ?"

ಜನ ನಕ್ಕರು. ಮೇಡಂ ನಗಲಿಲ್ಲ. "ಎಲ್ಲರೂ ಕೆರೆ ಹತ್ರ ಬಂದು ಮಲಗಿ. ಅಲ್ಲೇ ಹಾಡುತ್ತೆ."

"ಗೋಡೆ ಬಿಟ್ಟ ಹಕ್ಕಿ ಹಾಡುತ್ತೆ ಅಂತ ಗ್ಯಾರಂಟೀನಾ?"

"ಒಂದೆರಡು ದಿನ ಹಾಡದೇ ಇರಬಹುದು. ಸುಳ್ಳು ಹೇಳಲ್ಲ ನಾನು."

ಅಲ್ಲಿಗೆ ಮುಗಿಯಿತು. ಒಂದೆರಡು ದಿನ ಅಂದದ್ದು ಎಲ್ಲರ ಎದೆಗೆ ಹೋಗಿ ಕೂತಿತು. ಹಾಡದೇ ಇದ್ದರೆ? ಹಾಡದೇ ಹಾಗೇ ಸತ್ತರೆ? ನನ್ನ ತೊಡೆಯ ಮೇಲೆ ಸಿಂಚುವಿನ ತಲೆ ಇತ್ತು. ಗೋದಾಮಿನಲ್ಲಿ ಆ ಮರಿಗಳ ಬಾಯಿಗೆ ಹುಳ ಇಟ್ಟವಳು ನಾನೇ. ಆದರೂ ಕೊಡಿ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಆಗ ತಿಪ್ಪಕ್ಕ ಅಂದಳು, "ಅಲ್ರೀ, ಮೇಷ್ಟ್ರನ್ನ ಹುಡುಗರ ಮನೆಗೆ ಯಾಕೆ ಕಳಿಸ್ತೀರಿ? ಹುಡುಗರನ್ನೇ ಶಾಲೆಗೆ ಕಳಿಸ್ರಿ!" ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಮೂರು ಪಂಜರಗಳನ್ನು ಪೋಸ್ಟಾಫೀಸಿನ ಜಗಲಿಗೆ, ಅಜ್ಜನ ಕಂಡಿಯ ಕೆಳಗೇ ನೇತುಹಾಕುವುದು. ಮೇಡಂ ಜಗಲಿಯನ್ನೊಮ್ಮೆ ನೋಡಿ, "ಸದ್ದಾಗಬಾರದು. ಕಲಿಯೋ ಕಾಲದಲ್ಲಿ ಯಾವುದನ್ನ ಹೆಚ್ಚು ಕೇಳ್ತಾವೋ ಅದನ್ನೇ ಹಿಡೀತಾವೆ" ಅಂದರು.

ಸದ್ದು ಮಾಡದೆ ಇರುವುದರಲ್ಲಿ ನಾವು ಹಿಂದೆ ಬೀಳಲಿಲ್ಲ. ಬಸ್ಸು ಊರ ಹೊರಗೇ ಇಂಜಿನ್ ಆರಿಸಿತು, ಹುಡುಗರು ತಳ್ಳಿಕೊಂಡು ಒಳಗೆ ತಂದರು. ಕರಿಬಸಪ್ಪನವರು ಕೌದಿಯ ಮೇಲೆ ಕಾಗದ ಇಟ್ಟು ಮೆಲ್ಲಗೆ ಠಸ್ಸೆ ಒತ್ತಿದರು. ಮನಿಯಾರ್ಡರು ಬಂದವರನ್ನು ಕೈಸನ್ನೆಯಲ್ಲಿ ಕರೆದರು. ಬಾರದವರನ್ನೂ ಕೈಸನ್ನೆಯಲ್ಲೇ ಬೈದರು. ಸಂತೆ ಊರಾಚೆಗೆ ಹೋಯಿತು. ಮದುವೆಗೆ ವಾಲಗ ಬೇಡವೆಂದರು. ಅಳುವ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಹೊಲದ ಕಡೆ ಓಡುತ್ತಿದ್ದರು. ಅಷ್ಟು ವರ್ಷದಲ್ಲಿ ನಮ್ಮೂರು ಒಟ್ಟಾಗಿ ಮಾಡಿದ್ದು ಅಂತ ಇದ್ದರೆ ಅದೊಂದೇ. ಮೇಡಂಗೂ ಮುಖದಲ್ಲಿ ಸ್ವಲ್ಪ ಕಳೆ ಬಂತು. ದಿನಾ ಬೆಳಿಗ್ಗೆ ಕೆರೆಯ ಕಡೆಯಿಂದ ಸೈಕಲ್ಲಿನಲ್ಲಿ ಬಂದು ಪಾಳಿಯವರನ್ನು ಕೇಳುತ್ತಿದ್ದರು. "ರಾತ್ರಿ ಏನಾದ್ರೂ ಸದ್ದಿತ್ತಾ?"

"ಏನೂ ಇಲ್ಲ ಮೇಡಂ," ಅನ್ನುತ್ತಿದ್ದೆವು. "ಎಲ್ಲ ಮಲಗಿರ್ತಾರಲ್ಲ."

ಮಳೆಗಾಲ ಮುಗಿಯಿತು. ಮರಿಗಳು ಗಂಟಲಲ್ಲೇ ಏನೋ ಮಣಮಣ ಅನ್ನುತ್ತಿದ್ದವು, ಬಾಯಿ ಬಿಡುತ್ತಿರಲಿಲ್ಲ. ಅದು ಸರಿಯೇ, ಮೊದಲ ಬೇಸಿಗೆಗೆ ಹಾಡು ಹೊರಗೆ ಬರುತ್ತದೆ ಅಂದರು ಮೇಡಂ. ಚಳಿಗೆ ಅಜ್ಜ ಸೊರಗಿತು. ಅದರ ಹಾಡು ಕಿರಿದಾಯಿತು. ಸಂತೆಕಟ್ಟೆಯಲ್ಲಿ ಮಲಗುತ್ತಿದ್ದವರಿಗೆ ಕೇಳಿಸದೆ, ಅವರೂ ಅಂಗಳದೊಳಗೆ ಬಂದು ಒತ್ತೊತ್ತಾಗಿ ಮಲಗಿದರು. ಯಾರ ಕಾಲು ಯಾರ ಹೊದಿಕೆಯಲ್ಲಿ ಅಂತ ತಿಳಿಯದ ಹಾಗೆ. ಸಿಂಚು ಪಂಜರ ಬಂದ ದಿನದಿಂದಲೇ ಅದರ ಕೆಳಗೆ ಜಾಗ ಹಿಡಿದಿದ್ದಳು. ಅಲ್ಲಾದರೆ ಹಾಡಿಗೆ ಹತ್ತಿರ, ಒಂದು ಚೂರಾದರೂ ಮೊದಲು ಎಚ್ಚರವಾಗಬಹುದು ಅಂತ ಅವಳ ಲೆಕ್ಕ. ಆ ಸಲ ಅವಳಿಗೆ ಹಸಿರು ಲಂಗ ಹೊಲಿದಿದ್ದೆ, ಬೆಳೆಯುವ ಮಗು ಅಂತ ಅಂಚನ್ನು ಒಳಕ್ಕೆ ಅಗಲವಾಗಿ ಮಡಿಸಿ.

ಬೇಸಿಗೆ ಶುರುವಾದ ಒಂದು ದಿನ ಪಾಳಿ ನನ್ನದು, ತಿಪ್ಪಕ್ಕನದು. ಪೂರ್ವದಲ್ಲಿ ಬೆಳಕು ಹರಿದಿತ್ತು. ಕಾಗೆ ಕೂಗಿದವು. ಅಜ್ಜ ಹಾಡಲಿಲ್ಲ. ನಾವು ಕತ್ತೆತ್ತಿ ಕಂಡಿ ನೋಡುತ್ತ ನಿಂತೆವು. "ಮೋಡ ಐತೆ ಕಣೆ, ಅದಕ್ಕೇ" ಅಂದಳು ತಿಪ್ಪಕ್ಕ. ಮೋಡ ಇರಲಿಲ್ಲ. ಬಿಸಿಲು ಗೋಡೆಗೆ ಬಿದ್ದಾಗ ನಾನು ಏಣಿ ಹಾಕಿ ಹತ್ತಿ ಕಂಡಿಗೆ ಕೈ ಹಾಕಿದೆ. ಒಣಗಿದ ಎಲೆ ಹಿಡಿದ ಹಾಗಾಯಿತು, ಅಷ್ಟು ಹಗುರ.

ಏಣಿಯ ಮೇಲೆ ಇದ್ದ ಹಾಗೇ ಕೆಳಗೆ ಪಂಜರದಲ್ಲಿ ರೆಕ್ಕೆ ಬಡಿದ ಸದ್ದು ಕೇಳಿತು. ಮೊದಲನೆಯ ಮರಿ ಕಡ್ಡಿಯ ಮೇಲೆ ನೆಟ್ಟಗೆ ಕೂತು ಕತ್ತು ಮುಂದೆ ಚಾಚಿತ್ತು, ಥೇಟ್ ಅಜ್ಜನ ಹಾಗೆ. ಎದೆ ಉಬ್ಬಿತು, ಗಂಟಲು ನಡುಗಿತು. "ಹಾಡ್ತದೆ, ಹಾಡ್ತದೆ ಓಬೀ!" ಅಂತ ತಿಪ್ಪಕ್ಕ ನನ್ನ ಸೀರೆ ಹಿಡಿದು ಜಗ್ಗಿದಳು.

ಮರಿ ಬಾಯಿ ಬಿಟ್ಟು ಗೊರಕೆ ಹೊಡೆಯಿತು.

ಒಳಗೆ ಎಳೆದುಕೊಳ್ಳುವಾಗ ಗರಗಸ ಕೊಯ್ದ ಹಾಗೆ, ಬಿಡುವಾಗ ತುಟಿಯಲ್ಲಿ ಪುಸ್ ಅಂತ. ಅದು ಕರಿಬಸಪ್ಪನವರ ಗೊರಕೆ. ಜಗಲಿಯ ಮೇಲೆ, ಪಂಜರದಿಂದ ಒಂದು ಮಾರು ದೂರದಲ್ಲಿ ಅವರು ನಿಜವಾಗಿಯೂ ಅದನ್ನೇ ಹೊಡೆಯುತ್ತ ಮಲಗಿದ್ದರು. ಹಕ್ಕಿ ಒಮ್ಮೆ, ಅವರೊಮ್ಮೆ. ಎರಡನೆಯ ಮರಿ ದನಿ ಸೇರಿಸಿತು. ಅದರದು ಸಣ್ಣ ಸಿಳ್ಳೆಯ ಗೊರಕೆ, ಹೋಟೆಲಿನ ಮುದುಕನದು. ತಿಪ್ಪಕ್ಕ ಮೊದಲು ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ನಕ್ಕು ನಕ್ಕು ಹಾಗೇ ಮೆಟ್ಟಿಲ ಮೇಲೆ ಕುಸಿದಳು. ಅದು ನಗು ಅಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಅಂಗಳದ ತುಂಬ ಊರು ಮಗ್ಗುಲು ಬದಲಿಸಿ ಇನ್ನೂ ಆಳಕ್ಕೆ ಇಳಿಯಿತು.

ಮೇಡಂ ಸೈಕಲ್ಲು ನಿಲ್ಲಿಸಿದವರು ನಿಂತಲ್ಲೇ ನಿಂತರು. "ಇದನ್ನ ಎಲ್ಲಿ ಕೇಳಿದ್ವು?" ಅಂದರು ಕೊನೆಗೆ. ನಾನು ಅಂಗಳ ತೋರಿಸಿದೆ.

"ನೀವು ಸದ್ದೇ ಇಲ್ಲ ಅಂದ್ರಿ."

"ಗೊರಕೆ ಸದ್ದು ಅಂತ ಗೊತ್ತಿರಲಿಲ್ಲ ಮೇಡಂ," ಅಂದೆ. ನಿಜ. ಒಟ್ಟಿಗೆ ಮಲಗಿ ಒಟ್ಟಿಗೆ ಏಳುವ ಊರಲ್ಲಿ ಅದನ್ನು ಕೇಳಿದವರು ಯಾರು? ಪಾಳಿಯವರು ಕೇಳಿದ್ದೆವು. ನಮ್ಮವರೆಲ್ಲ ಇದ್ದಾರೆ ಅನ್ನುವುದಷ್ಟೇ ಅದರಲ್ಲಿ ನಮಗೆ ಕೇಳಿಸುತ್ತಿದ್ದದ್ದು. ಮೇಡಂ ನನ್ನನ್ನು ಬೈಯಲಿಲ್ಲ. "ನಾನೂ ಒಂದು ರಾತ್ರಿ ಇಲ್ಲಿ ಕೂರಬೇಕಿತ್ತು" ಅಂದು ನೆಲಕ್ಕೆ ಕೂತರು.

ಕೂತವರು ಎದ್ದರು ಕೂಡ. ಮರಿಮನೆಯಿಂದ ಒಂದು ಹೆಣ್ಣು ಹಕ್ಕಿ ತಂದು ಬಿಟ್ಟರು. ಹಾಡು ಸರಿ ಇಲ್ಲದಿದ್ದರೂ ಜೋಡಿಯಾದರೆ ಮುಂದೆ ನೋಡೋಣ ಅಂತ. ಅದು ಪಂಜರದ ಮೇಲೆ ಕೂತು ತಲೆ ಓರೆ ಮಾಡಿ ಕೇಳಿತು. ಮರಿ ಎದೆ ಉಬ್ಬಿಸಿ, ಬಾಲ ಎತ್ತಿ, ತನ್ನ ಶಕ್ತಿಯೆಲ್ಲ ಹಾಕಿ ಗೊರಕೆ ಹೊಡೆಯಿತು. ಹೆಣ್ಣು ಇನ್ನೊಂದು ಕಡೆಗೆ ತಲೆ ಓರೆ ಮಾಡಿತು. ಆಮೇಲೆ ಕೆರೆಯ ಕಡೆ ಹಾರಿಹೋಯಿತು. ಮರಿ ಮಾತ್ರ ಬಹಳ ಹೊತ್ತು ಬಿಡದೆ ಹಾಡುತ್ತಲೇ ಇತ್ತು. ತಾನು ಎಲ್ಲಿ ತಪ್ಪಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದರ ಕಿವಿಗೆ ನಾವು ಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿತ್ತು.

ನಾನು ಸಿಂಚುವಿನ ಹೆಸರು ಹಿಡಿದು ಕೂಗಿದೆ. ಕೂಗಿ ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಕೂಗಿದೆ. ಭುಜ ಹಿಡಿದು ಅಲ್ಲಾಡಿಸಿದೆ, ಕೆನ್ನೆಗೆ ಹೊಡೆದೆ. ಮೇಡಂ ನನ್ನ ಕೈ ಹಿಡಿದುಕೊಂಡರು.

ಆಮೇಲಿನದು ಊರವರಲ್ಲಿ ನಾವು ಇಬ್ಬರೇ ಎದ್ದಿದ್ದ ಕಾಲ. ತಿಪ್ಪಕ್ಕ, ನಾನು. ನಿದ್ದೆ ಬಾರದಿರಲಿ ಅಂತ ಏನೇನೋ ಮಾಡಿದೆವು. ಊರಿನ ಹಸುಗಳನ್ನೆಲ್ಲ ಕರೆದೆವು, ಕುಡಿಯುವವರಿಲ್ಲದೆ ಹಾಲು ಚರಂಡಿಗೆ ಚೆಲ್ಲಿದೆವು. ಬೀದಿ ಗುಡಿಸಿದೆವು. ಮಲಗಿದವರ ಮೇಲೆ ಬಿಸಿಲು ಬೀಳದಂತೆ ಸೀರೆ, ಪಂಚೆ, ತಾಡಪಾಲು ಎಲ್ಲ ತಂದು ಅಂಗಳಕ್ಕೆ ಚಪ್ಪರ ಕಟ್ಟಿದೆವು. ತಿಪ್ಪಕ್ಕ ಮಲಗಿದವರ ಸಾಲುಗಳ ನಡುವೆ ನಡೆಯುತ್ತ, "ಏ ನಿಂಗಣ್ಣ, ಹಾಲಿನ ದುಡ್ಡು ಕೊಡದೆ ಮಲಗಿದೀಯಲ್ಲೋ, ಭಾರೀ ಆಯ್ತು ನಿಂದು" ಅಂತ ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದಳು. ಮಾತಾಡುತ್ತ ಮಾತಾಡುತ್ತ ಎಲೆ ಅಡಿಕೆ ಹಾಕಿಕೊಂಡಳು. "ಸ್ವಲ್ಪ ಸುಣ್ಣ ಕೊಡೇ" ಅಂದಳು. ನಾನು ಸುಣ್ಣ ತೆಗೆದು ಬೆರಳು ಚಾಚಿದಾಗ ಗೋಡೆಗೆ ಒರಗಿದ್ದಳು. ಬಾಯಿಂದ ಎಲೆ ತೆಗೆದು, ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ತಿರುಗಿಸಿ ಮಲಗಿಸಿದೆ.

ಮೇಡಂ ಎಲ್ಲ ಕಡೆ ಕಾಗದ ಬರೆದಿದ್ದಾರೆ. ಎಲ್ಲಾದರೂ ಒಂದು ಹಾಳು ಕೋಟೆಯಲ್ಲಿ, ಬಿದ್ದ ಮನೆಯಲ್ಲಿ, ಹಾಡು ಗೊತ್ತಿರುವ ಇನ್ನೊಂದು ಮುದಿ ಗಂಡು ಉಳಿದಿರಬಹುದು ಅನ್ನುತ್ತಾರೆ. ಹುಡುಕಿಸುತ್ತೇನೆ ಅನ್ನುತ್ತಾರೆ. "ಅಲ್ಲೀವರೆಗೆ ನಾನು ಇಲ್ಲೇ ಇರ್ತೀನಿ ಓಬಕ್ಕ. ನೀವು ಮಲಗಿ," ಅಂದರು.

"ಮೂರನೇ ಮರಿಗೆ ದಪ್ಪ ಹುಳ ಕೊಡಬ್ಯಾಡಿ, ನುಂಗಲ್ಲ," ಅಂದೆ.

"ಹೂಂ."

"ಸಿಂಚು ಅಪ್ಪ ಏನಾದ್ರೂ ಸಿಕ್ಕಿದ್ರೆ ಇಲ್ಲೇ ತಂದು ಮಲಗಿಸಿ. ಈ ಕಡೆ ಜಾಗ ಬಿಟ್ಟಿರ್ತೀನಿ."

ಮೇಡಂ ತಲೆ ಆಡಿಸಿದರು. ಅವರ ಕಣ್ಣು ನೋಡಲಾರದೆ ನಾನು ಸಿಂಚುವಿನ ಕಾಲ ಬಳಿ ಕೂತೆ. ಮಧ್ಯಾಹ್ನದ ಬೆಳಕು ಚಪ್ಪರದ ಸೀರೆಗಳಿಂದ ಕೆಂಪು ಹಸಿರಾಗಿ ಇಳಿದಿತ್ತು. ಬ್ಲೇಡಿನಿಂದ ಅವಳ ಲಂಗದ ಅಂಚಿನ ಹೊಲಿಗೆ ಒಂದೊಂದೇ ಬಿಚ್ಚಿದೆ. ಮಡಿಸಿಟ್ಟಿದ್ದ ಬಟ್ಟೆ ಹೊಸದಾಗಿ, ಬಣ್ಣ ಮಾಸದೆ, ಪಾದದ ಮೇಲೆ ಇಳಿಯಿತು. ಈಗ ಉದ್ದವಾಯಿತು, ಪಾದ ಮುಚ್ಚಿತು. ಯಾವಾಗಲೋ ಸರಿಹೋಗುತ್ತದೆ. ಆಮೇಲೆ ಅದೂ ಗಿಡ್ಡವಾಗುತ್ತದೆ. ಅಷ್ಟು ಹೊತ್ತಿಗೆ ಹೊಲಿಯುವವರು ಯಾರು ಅಂತ ಮೇಡಂನ ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ಪಕ್ಕದಲ್ಲಿ ಮಲಗಿ ಅವಳ ಕೈ ಎತ್ತಿ ನನ್ನ ಮೇಲೆ ಹಾಕಿಕೊಂಡೆ.

ಮೇಲೆ ಪಂಜರದಲ್ಲಿ ಗೊರಕೆ ನಿಂತಿತು. ಮೂರನೆಯ ಮರಿ, ಇಷ್ಟು ದಿನ ಬಾಯಿ ಬಿಡದೆ ಇದ್ದದ್ದು, ಕಡ್ಡಿಯ ತುದಿಗೆ ಬಂದು ಕೂತು ಕೆಳಗೆ ನೋಡಿತು. ಸಣ್ಣ ದನಿ ಅದರದು. ಮಾತಿಲ್ಲ, ರಾಗವಷ್ಟೇ. ಮೆಲ್ಲಗೆ ಶುರುವಾಗಿ, ಕೊನೆಯಲ್ಲಿ ಮೇಲಕ್ಕೆ ಹೋಗಿ, ಅರ್ಧದಲ್ಲೇ ನಿದ್ದೆಯ ಭಾರಕ್ಕೆ ಜಾರಿತು. ಹೊದಿಕೆ ಗದ್ದದವರೆಗೆ ಎಳೆದುಕೊಂಡು ಸಿಂಚು ದಿನಾ ಹೇಳುತ್ತಿದ್ದ ಮಾತಿನ ರಾಗ. ಮರಿ ಮತ್ತೊಮ್ಮೆ ಅದನ್ನೇ ಹೇಳಿ, ಕತ್ತು ಓರೆ ಮಾಡಿ ಕಾಯಿತು.

ಹೂಂ ಅಂದೆ.